ಬೆಂಗಳೂರಿನಲ್ಲಿ ಜೂಜಿಗೆ ಲೈಸೆನ್ಸ್: ಯಾರು ಕೊಡ್ತಾರೆ, ಯಾವುದಕ್ಕೆ ಕೊಡ್ತಾರೆ, ನೀವು ಏನು ನೋಡಬೇಕು

ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಮೂರು. "ನಮ್ಮ ಏರಿಯಾದಲ್ಲಿ ಒಂದು ರಿಕ್ರಿಯೇಷನ್ ಕ್ಲಬ್ ಇದೆ, ಲೈಸೆನ್ಸ್ ಇದೆ ಅಂತಾರೆ. ಅಲ್ಲಿ ಇಸ್ಪೀಟು ಆಡಬಹುದಾ?" "ನಮ್ಮ ಕಟ್ಟಡದ ಎರಡನೇ ಮಹಡಿಯನ್ನು ಕ್ಲಬ್ಬಿಗೆ ಬಾಡಿಗೆ ಕೇಳ್ತಿದ್ದಾರೆ. ಕೊಡಲಾ?" "ನಾವೇ ನಾಲ್ಕು ಜನ ಸ್ನೇಹಿತರು ಸೇರಿ ಕ್ಲಬ್ ಮಾಡಬೇಕು. ಯಾವ ಆಫೀಸಿಗೆ ಹೋಗಬೇಕು?"

ಮೂರಕ್ಕೂ ಮೊದಲು ಗೊತ್ತಿರಬೇಕಾದ ಮಾತು ಒಂದೇ. ಬೆಂಗಳೂರಿನಲ್ಲಿ "ಜೂಜಿನ ಲೈಸೆನ್ಸ್" ಅನ್ನುವ ಕಾಗದವೇ ಇಲ್ಲ. ಲೈಸೆನ್ಸ್ ಪಡೆದು ಬಾಜಿ ಕಟ್ಟಿಸಿಕೊಳ್ಳಲು ಇಲ್ಲಿ ಕಾನೂನು ದಾರಿ ಬಿಟ್ಟಿರುವುದು ಕುದುರೆ ರೇಸಿಗೆ ಮಾತ್ರ. ಉಳಿದ ಕಡೆ "ಲೈಸೆನ್ಸ್" ಅಂತ ನಿಮಗೆ ತೋರಿಸುವುದು ಬೇರೆ ಯಾವುದೋ ಕೆಲಸಕ್ಕೆ ಕೊಟ್ಟ ಕಾಗದ. ಆ ಕಾಗದ ಯಾವುದು, ಯಾರು ಕೊಟ್ಟಿದ್ದು, ಯಾತಕ್ಕೆ ಕೊಟ್ಟಿದ್ದು ಅಂತ ನೋಡುವುದನ್ನು ಕಲಿತರೆ ಅರ್ಧ ತೊಂದರೆ ತಪ್ಪುತ್ತದೆ. ಒಂದೊಂದಾಗಿ ನೋಡೋಣ.

1. ಮೊದಲು ಆಟ ಯಾವುದು ಅಂತ ಗುರುತಿಸಿ

ಕಾನೂನು ಆಟಗಳನ್ನು ಎರಡು ಗುಂಪು ಮಾಡುತ್ತದೆ. ಅದೃಷ್ಟದ ಆಟ ಒಂದು, ಕೌಶಲದ ಆಟ ಇನ್ನೊಂದು. ಎಲೆ ಹೇಗೆ ಬಿತ್ತು ಅನ್ನುವುದರ ಮೇಲೆಯೇ ಸೋಲು ಗೆಲುವು ನಿಂತಿದ್ದರೆ ಅದು ಅದೃಷ್ಟದ ಆಟ. ಅಂದರ್ ಬಾಹರ್, ಮೂರೆಲೆ, ಮಟ್ಕಾ ಎಲ್ಲ ಈ ಗುಂಪಿಗೆ ಸೇರುತ್ತವೆ. ಆಡುವವರ ತಲೆ, ನೆನಪು, ಅಭ್ಯಾಸಕ್ಕೆ ಹೆಚ್ಚು ಕೆಲಸ ಇದ್ದರೆ ಕೌಶಲದ ಆಟ. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಲೆಕ್ಕ ಹಾಕಬೇಕು. ಹಾಗಾಗಿ ಅದು ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತು. ಕುದುರೆ ರೇಸ್ ಬಗ್ಗೆಯೂ 1996ರಲ್ಲಿ ಅದೇ ಮಾತು ಹೇಳಿತು.

ಜನ ಜಾಸ್ತಿ ಎಡವುವುದು ಇಲ್ಲೇ. "ರಮ್ಮಿ ಕೌಶಲದ ಆಟ ಅಂತ ಸುಪ್ರೀಂ ಕೋರ್ಟೇ ಹೇಳಿದೆ, ಆದ್ದರಿಂದ ದುಡ್ಡಿಟ್ಟು ಎಲ್ಲಿ ಬೇಕಾದರೂ ಆಡಬಹುದು" ಅಂತ ಅಂದುಕೊಳ್ಳುತ್ತಾರೆ. ಕೋರ್ಟ್ ಹೇಳಿದ್ದು ಅಷ್ಟೇ ಅಲ್ಲ. ಮನೆಯವರೋ ಕ್ಲಬ್ಬಿನವರೋ ಆ ಆಟದಿಂದ ಲಾಭ ಮಾಡಿಕೊಳ್ಳುತ್ತಿದ್ದಾರೆ ಅಂತ ಸಾಕ್ಷಿ ಸಿಕ್ಕರೆ ರಮ್ಮಿಯಾದರೂ ಅಪರಾಧ ಆಗಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಈ ಎರಡನೇ ಭಾಗವನ್ನು ಕ್ಲಬ್ಬಿನವರು ಯಾರೂ ನಿಮಗೆ ಓದಿ ಹೇಳುವುದಿಲ್ಲ.

2. ಅಧಿಕಾರ ಯಾರ ಕೈಯಲ್ಲಿದೆ ತಿಳಿದುಕೊಳ್ಳಿ

ಜೂಜು, ಬಾಜಿ ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ಕರ್ನಾಟಕದಲ್ಲಿ ಇದಕ್ಕೆ ಬೇರೆ ಜೂಜು ಕಾಯ್ದೆ ಇಲ್ಲ. ಕರ್ನಾಟಕ ಪೊಲೀಸ್ ಕಾಯ್ದೆ, 1963ರಲ್ಲೇ ಎಲ್ಲ ಸೇರಿದೆ. ಅದರ ಕಲಂ 79 ಜೂಜು ಅಡ್ಡೆ ನಡೆಸುವವರಿಗೆ, 80 ಅಲ್ಲಿ ಆಡುವವರಿಗೆ, 87 ರಸ್ತೆ ಮತ್ತು ಸಾರ್ವಜನಿಕ ಜಾಗದಲ್ಲಿ ಆಡುವವರಿಗೆ. ಈ ಮೂರು ನಂಬರ್ ನೆನಪಿಟ್ಟುಕೊಳ್ಳಿ. ಎಫ್‌ಐಆರ್‌ನಲ್ಲಿ ಬರುವುದು ಸಾಮಾನ್ಯವಾಗಿ ಇವೇ.

ನಗರದೊಳಗೆ ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ಕೊಡುವ ಅಧಿಕಾರ ಪೊಲೀಸ್ ಕಮಿಷನರ್ ಅವರದ್ದು. ಕಾಯ್ದೆಯ ಕಲಂ 31ರ ಕೆಳಗೆ ಬೆಂಗಳೂರಿಗೆಂದೇ 1989ರಲ್ಲಿ ಒಂದು ಆದೇಶ, 2005ರಲ್ಲಿ ಇನ್ನೊಂದು ಆದೇಶ ಬಂದಿವೆ. ಮೊದಲನೆಯದು ಆಟ, ವಿನೋದದ ಜಾಗಗಳಿಗೆ. ಎರಡನೆಯದು ಲೈವ್ ಬ್ಯಾಂಡ್, ಡಿಸ್ಕೋಥೆಕ್ ತರಹದ ಜಾಗಗಳಿಗೆ. ಕಮಿಷನರೇಟ್ ಗಡಿ ದಾಟಿದರೆ ಇದೇ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಜಿಲ್ಲಾಧಿಕಾರಿಗೆ ಹೋಗುತ್ತದೆ. ಊರಾಚೆ ಫಾರ್ಮ್‌ಹೌಸ್‌ನಲ್ಲಿ "ಇಲ್ಲಿ ಸಿಟಿ ಪೊಲೀಸರು ಬರಲ್ಲ" ಅಂತ ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ.

ಕ್ಯಾಸಿನೊ ಗೋವಾದಲ್ಲಿದೆ, ಇಲ್ಲಿಲ್ಲ. ಲಾಟರಿಯನ್ನು ರಾಜ್ಯ 2007ರಲ್ಲೇ ನಿಲ್ಲಿಸಿತು. ಇವೆರಡಕ್ಕೆ ಅರ್ಜಿ ಹಾಕುವ ಮಾತೇ ಬರುವುದಿಲ್ಲ.

3. ಗೋಡೆಯ ಮೇಲಿನ ಕಾಗದಗಳನ್ನು ಓದಿ

ಯಾವುದಾದರೂ ರಿಕ್ರಿಯೇಷನ್ ಕ್ಲಬ್ಬಿನ ಒಳಗೆ ಹೋದರೆ ಕ್ಯಾಷಿಯರ್ ಮೇಜಿನ ಹಿಂದೆ ಗಾಜಿನ ಫ್ರೇಮ್ ಹಾಕಿದ ಕಾಗದಗಳು ಕಾಣುತ್ತವೆ. ಸೀಲು, ಸಹಿ, ಲಾಂಛನ ಎಲ್ಲ ಇರುತ್ತದೆ. ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಹತ್ತಿರ ಹೋಗಿ ಓದಿ.

ಮೊದಲನೆಯದು ಸಾಮಾನ್ಯವಾಗಿ ಸಂಘದ ನೋಂದಣಿ ಪತ್ರ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಕೊಟ್ಟಿದ್ದು. ಭಜನಾ ಮಂಡಳಿಗೂ, ಕನ್ನಡ ಸಂಘಕ್ಕೂ ಸಿಗುವುದು ಇದೇ ಪತ್ರ. ಇಂಥ ಹೆಸರಿನ ಸಂಘವೊಂದಿದೆ ಅಂತ ಅದು ಹೇಳುತ್ತದೆ, ಅಷ್ಟೇ. ಇಸ್ಪೀಟಿನ ಬಗ್ಗೆ ಒಂದಕ್ಷರವೂ ಅದರಲ್ಲಿಲ್ಲ.

ಎರಡನೆಯದು ಪಾಲಿಕೆಯ ಟ್ರೇಡ್ ಲೈಸೆನ್ಸ್, ಅಂದರೆ ಉದ್ದಿಮೆ ಪರವಾನಗಿ. ಇದು ಆ ಜಾಗದಲ್ಲಿ ವ್ಯಾಪಾರ ಮಾಡಲು. ಹೋಟೆಲ್, ಕ್ಯಾಂಟೀನ್, ಬಿಲಿಯರ್ಡ್ಸ್ ಮೇಜು, ಏನಕ್ಕೆ ಅಂತ ಅದರಲ್ಲೇ ಬರೆದಿರುತ್ತದೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಹಾಗಾಗಿ ಯಾವ ಪಾಲಿಕೆ, ಯಾವ ವರ್ಷದ್ದು ಅಂತಲೂ ನೋಡಿ. ಯಾವ ಪಾಲಿಕೆಗೂ ದುಡ್ಡಿಟ್ಟು ಆಡಲು ಅನುಮತಿ ಕೊಡುವ ಅಧಿಕಾರ ಇಲ್ಲ.

ಮೂರನೆಯದು ಹೈಕೋರ್ಟ್ ಆದೇಶದ ಪ್ರತಿ. ಜನ ತಲೆ ಬಾಗುವುದು ಇದಕ್ಕೇ. "ಕೋರ್ಟೇ ಪರ್ಮಿಷನ್ ಕೊಟ್ಟಿದೆ ಸಾರ್" ಅಂತಾರೆ. ಇಂಥ ಎಷ್ಟೋ ಆದೇಶಗಳಿವೆ. ಅದರ ಕೊನೆಯ ಪುಟಕ್ಕೆ ಹೋಗಿ ಷರತ್ತುಗಳನ್ನು ಓದಿ. ಒಳಬರುವ ಜಾಗದಲ್ಲೂ ಆಡುವ ಜಾಗದಲ್ಲೂ ಸಿಸಿಟಿವಿ ಇರಬೇಕು, ಕೇಳಿದಾಗ ಪೊಲೀಸರಿಗೆ ದೃಶ್ಯ ಕೊಡಬೇಕು, ಸದಸ್ಯರಿಗೆ ಗುರುತಿನ ಚೀಟಿ ಕೊಡಬೇಕು, ಪಣಕ್ಕೆ ಆಡಿಸಬಾರದು, ಆಟದಿಂದ ಲಾಭ ಮಾಡಬಾರದು, ಪೊಲೀಸರು ಬಂದು ನೋಡಬಹುದು ಎಂಬ ಷರತ್ತುಗಳು ಇಂಥ ಆದೇಶಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಷರತ್ತು ಪಾಲಿಸುವ ಕ್ಲಬ್ಬಿಗೆ ಪೊಲೀಸರು ಸುಮ್ನೆ ತೊಂದರೆ ಕೊಡಬಾರದು ಅನ್ನುವುದು ಆ ಆದೇಶದ ತಿರುಳು. ಮೇಜಿನ ಮೇಲೆ ದುಡ್ಡು ಬಂದ ಕ್ಷಣ ಫ್ರೇಮಿನ ಒಳಗಿನ ಆದೇಶವೇ ಕ್ಲಬ್ಬಿನ ವಿರುದ್ಧ ನಿಲ್ಲುತ್ತದೆ.

ಈಗ ಕಾಗದ ಬಿಟ್ಟು ಮೇಜಿನ ಕಡೆ ನೋಡಿ. ದುಡ್ಡಿನ ಬದಲು ಪ್ಲಾಸ್ಟಿಕ್ ಟೋಕನ್ ಇರುತ್ತದೆ. ಬರುವಾಗ ಕೌಂಟರಿನಲ್ಲಿ ನೋಟು ಕೊಟ್ಟು ಟೋಕನ್ ತೆಗೆದುಕೊಳ್ಳುತ್ತಾರೆ, ಹೋಗುವಾಗ ಟೋಕನ್ ಕೊಟ್ಟು ನೋಟು. ಪ್ರತಿ ಆಟದಲ್ಲೂ ಒಂದು ಪಾಲು ಟೇಬಲ್ ಚಾರ್ಜ್ ಅಂತ ಪಕ್ಕಕ್ಕೆ ಹೋಗುತ್ತದೆ. ಎಲೆಗೂ ಕಾಫಿಗೂ ಗೊತ್ತಾದ ಒಂದು ಶುಲ್ಕ ತೆಗೆದುಕೊಂಡರೆ ಅದು ಬೇರೆ ಮಾತು. ಆಟ ದೊಡ್ಡದಾದ ಹಾಗೆ ಕ್ಲಬ್ಬಿನ ಪಾಲೂ ದೊಡ್ಡದಾಗುತ್ತಿದ್ದರೆ ಕಾನೂನು ಹೇಳುವ "ಲಾಭ" ಅದೇ. ಟೋಕನ್ ಇದ್ದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ.

ಇನ್ನೊಂದು ಗುರುತು ಸದಸ್ಯತ್ವ. ಬಾಗಿಲಲ್ಲೇ ಹೆಸರು ಬರೆದು, ನೂರಿನ್ನೂರು ಕೊಟ್ಟು ಅದೇ ಸಂಜೆ ಸದಸ್ಯರಾಗುವ ಹಾಗಿದ್ದರೆ ಅದನ್ನು ಸದಸ್ಯರ ಕ್ಲಬ್ ಅಂತ ಕೋರ್ಟಿನಲ್ಲಿ ವಾದಿಸುವುದು ಕಷ್ಟ.

4. ನೀವೇ ಕ್ಲಬ್ ಅಥವಾ ಗೇಮ್ ಸೆಂಟರ್ ಶುರು ಮಾಡುವುದಾದರೆ

ಸದಸ್ಯರಿಗೆ ಮಾತ್ರವೋ, ಸಾರ್ವಜನಿಕರಿಗೋ? ಇದನ್ನು ಮೊದಲು ತೀರ್ಮಾನ ಮಾಡಿ. ಬಾಡಿಗೆ ಕರಾರು ಆಮೇಲೆ.

ಸದಸ್ಯರಿಗೆ ಮಾತ್ರ ಅಂದರೆ ಸಂಘ ನೋಂದಣಿ ಮಾಡಿಸಿ, ಬೈಲಾದಲ್ಲಿ ಪಣದ ಆಟ ಇಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಸದಸ್ಯರ ರಿಜಿಸ್ಟರ್, ಗುರುತಿನ ಚೀಟಿ, ಸಿಸಿಟಿವಿ, ರಸೀದಿ ಪುಸ್ತಕ ಮೊದಲ ದಿನದಿಂದಲೇ ಇರಲಿ. ಮೇಲೆ ಹೇಳಿದ ಷರತ್ತುಗಳನ್ನು ಕೋರ್ಟಿಗೆ ಹೋಗುವ ಮೊದಲೇ ಪಾಲಿಸುತ್ತಿದ್ದೀರಿ ಅಂದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಸಾರ್ವಜನಿಕರಿಗೆ ಅಂದರೆ ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಮೊದಲು ವಿಚಾರಿಸಿ. ನಿಮ್ಮ ಆಟಗಳ ಪಟ್ಟಿಯನ್ನು ಬರೆದುಕೊಂಡೇ ಹೋಗಿ. ಯಾವ ಯಂತ್ರ, ಆಡುವವರು ಏನು ಮಾಡಬೇಕು, ಗೆದ್ದರೆ ಏನು ಸಿಗುತ್ತದೆ ಎಲ್ಲ ಇರಲಿ. ಗೆದ್ದರೆ ನಗದು ಸಿಗುತ್ತದೆ ಅನ್ನುವ ಯಂತ್ರ ಪಟ್ಟಿಯಲ್ಲಿದ್ದರೆ ನೀವೇ ತೊಂದರೆಯನ್ನು ಕರೆದ ಹಾಗೆ. ಪಾಲಿಕೆಯ ಉದ್ದಿಮೆ ಪರವಾನಗಿ ಬೇರೆ, ಕಮಿಷನರ್ ಲೈಸೆನ್ಸ್ ಬೇರೆ. ಒಂದು ಸಿಕ್ಕಿತು ಅಂತ ಇನ್ನೊಂದನ್ನು ಬಿಡಬೇಡಿ.

ಪೋಕರ್ ಬಗ್ಗೆಯೂ ಕೇಳುತ್ತಾರೆ. ಕೌಶಲದ ಆಟವಾಗಿ ಆಡಿದರೆ ಲೈಸೆನ್ಸ್ ಬೇಕಿಲ್ಲ ಎಂದು 2013ರಲ್ಲಿ ನಮ್ಮ ಹೈಕೋರ್ಟ್ ಹೇಳಿದೆ. ಅದನ್ನು ನೆಚ್ಚಿಕೊಂಡು ಹೂಡಿಕೆ ಮಾಡುವ ಮುಂಚೆ ಕ್ರಿಮಿನಲ್ ವಕೀಲರ ಹತ್ತಿರ ಕೂತು ಮಾತಾಡಿ. ಕೌಶಲದ ಆಟಕ್ಕೆ ಕಾಯ್ದೆಯ ಕಲಂ 176 ಕೊಡುವ ರಕ್ಷಣೆ ಆಡುವವರಿಗೆ ಮತ್ತು ಆಡುವವರು ತಾವೇ ಇಡುವ ಪಣಕ್ಕೆ. ಪಕ್ಕದಲ್ಲಿ ನಿಂತು ಬಾಜಿ ಕಟ್ಟುವವರಿಗೆ ಅದು ಸಿಗುವುದಿಲ್ಲ.

5. ರೇಸ್‌ಕೋರ್ಸಿನಲ್ಲಿ

ನಿಜವಾದ ಲೈಸೆನ್ಸ್ ಹೇಗಿರುತ್ತದೆ ಅಂತ ನೋಡಬೇಕಾದರೆ ಇಲ್ಲಿ ನೋಡಿ. ಮೈಸೂರು ರೇಸ್‌ಕೋರ್ಸ್ ಲೈಸೆನ್ಸಿಂಗ್ ಕಾಯ್ದೆ, 1952ರ ಕೆಳಗೆ ರಾಜ್ಯ ಸರ್ಕಾರ ಟರ್ಫ್ ಕ್ಲಬ್ಬಿಗೆ ಲೈಸೆನ್ಸ್ ಕೊಡುತ್ತದೆ, ಅದಕ್ಕೆ ಅವಧಿ ಇರುತ್ತದೆ, ಷರತ್ತು ಇರುತ್ತದೆ. ಬುಕ್ಕಿಗಳು, ಅಂದರೆ ಬಾಜಿ ಕಟ್ಟಿಸಿಕೊಳ್ಳುವವರು, ಆ ಕ್ಲಬ್ಬಿನಿಂದ ಅನುಮತಿ ಪಡೆಯಬೇಕು. ಸರ್ಕಾರ ಕೊಡದಿದ್ದರೆ ರೇಸ್ ನಿಲ್ಲುತ್ತದೆ. 2024ರಲ್ಲಿ ಹಾಗೇ ಆಗಿ ವಿಷಯ ಹೈಕೋರ್ಟಿಗೆ ಹೋಯಿತು.

ಪೊಲೀಸ್ ಕಾಯ್ದೆ ರೇಸಿನ ಬಾಜಿಯನ್ನು ಜೂಜಿನಿಂದ ಹೊರಗಿಟ್ಟಿದ್ದು ಷರತ್ತಿನ ಮೇಲೆ. ರೇಸ್ ನಡೆಯುವ ದಿನವೇ ಕಟ್ಟಬೇಕು. ಅದಕ್ಕೆಂದೇ ಬಿಟ್ಟ ಆವರಣದಲ್ಲಿ, ಇಲ್ಲವೇ ಸರ್ಕಾರ ಒಪ್ಪಿದ ಜಾಗದಲ್ಲಿ ಕಟ್ಟಬೇಕು. ನೀವೇ ಖುದ್ದಾಗಿ, ಲೈಸೆನ್ಸ್ ಇರುವವರ ಹತ್ತಿರ ಕಟ್ಟಬೇಕು. ಅದೇ ಕುದುರೆ, ಅದೇ ರೇಸ್, ಆದರೆ ಟೀ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಯಾರಿಗೋ ಕಟ್ಟಿಸಿದಿರಿ ಅಂದರೆ ಅದು ಅಪರಾಧ.

ಕಟ್ಟಿದ ಬಾಜಿಗೆ ಟಿಕೆಟ್ ಕೇಳಿ ತೆಗೆದುಕೊಳ್ಳಿ. ಟಿಕೆಟ್ ಬೇಡ, ರೇಟ್ ಜಾಸ್ತಿ ಕೊಡ್ತೀನಿ ಅನ್ನುವವರ ಹತ್ತಿರ ಹೋಗಬೇಡಿ. ತೆರಿಗೆ ತಪ್ಪಿಸುವ ಲೆಕ್ಕ ಅದು. 2025ರ ಸೆಪ್ಟೆಂಬರ್ 22ರಿಂದ ರೇಸ್ ಬಾಜಿಯ ಮೇಲೆ ಜಿಎಸ್‌ಟಿ ಶೇ 40. ಗೆದ್ದ ಹಣಕ್ಕೆ ಆದಾಯ ತೆರಿಗೆ ಶೇ 30. ಒಂದು ಗೆಲುವು 10,000 ರೂಪಾಯಿ ದಾಟಿದರೆ ಅಲ್ಲೇ ಕಡಿದುಕೊಂಡು ಕೊಡುತ್ತಾರೆ. ಸೋತ ದುಡ್ಡನ್ನು ಗೆದ್ದಿದ್ದರಲ್ಲಿ ಕಳೆದು ತೋರಿಸಲು ಆಗುವುದಿಲ್ಲ.

6. ಕಟ್ಟಡದ ಮಾಲೀಕರು ಇದನ್ನು ಓದಲೇಬೇಕು

ಕಲಂ 79 ಜೂಜು ನಡೆಸುವವರಿಗೆ ಮಾತ್ರ ಅಲ್ಲ. ಗೊತ್ತಿದ್ದೂ ತನ್ನ ಜಾಗವನ್ನು ಅದಕ್ಕೆ ಬಿಟ್ಟುಕೊಟ್ಟ ಮಾಲೀಕರಿಗೂ ತಗಲುತ್ತದೆ. ಮಾರುಕಟ್ಟೆ ಬಾಡಿಗೆಗಿಂತ ತುಂಬಾ ಜಾಸ್ತಿ ಕೊಡ್ತೀವಿ, ಅಡ್ವಾನ್ಸ್ ನಗದು, ಕರಾರಿನಲ್ಲಿ ಮಾತ್ರ "ಕಚೇರಿ" ಅಂತ ಬರೆಯೋಣ ಅಂದರೆ ಎಚ್ಚರ ವಹಿಸಿ. ಕರಾರಿನಲ್ಲಿ ಬಳಕೆ ಏನು ಅಂತ ನಿಜವನ್ನೇ ಬರೆಸಿ. ಪಣದ ಆಟ ನಡೆದರೆ ಕರಾರು ರದ್ದು ಅನ್ನುವ ಷರತ್ತು ಸೇರಿಸಿ. ಬಾಡಿಗೆ ಬ್ಯಾಂಕಿಗೇ ಬರಲಿ. ಆಮೇಲೆ ಅನುಮಾನ ಬಂದರೆ ಠಾಣೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಸೀಲು ಹಾಕಿಸಿಕೊಂಡು ಪ್ರತಿ ಇಟ್ಟುಕೊಳ್ಳಿ. "ನನಗೆ ಗೊತ್ತಿರಲಿಲ್ಲ" ಅನ್ನಲು ಕೈಯಲ್ಲಿ ಕಾಗದ ಇರಬೇಕು.

7. ಯುಗಾದಿ ಇಸ್ಪೀಟು, ಗಣೇಶನ ಲಕ್ಕಿ ಡಿಪ್

ಯುಗಾದಿಗೆ, ಹೊಸತೊಡಕಿನ ದಿನ ಎಲೆ ಹಿಡಿಯುವುದು ನಮ್ಮ ಕಡೆ ಹಳೇ ರೂಢಿ. ಕಾನೂನಿನಲ್ಲಿ ಹಬ್ಬಕ್ಕೆ ರಿಯಾಯಿತಿ ಇಲ್ಲ. ಮನೆಯೊಳಗೆ ನೆಂಟರು ಕೂತು, ಮನೆಯವರು ಯಾರೂ ಪಾಲು ತೆಗೆಯದೆ ರಮ್ಮಿ ಆಡಿದರೆ ಆ ಮನೆ ಜೂಜು ಅಡ್ಡೆ ಅನ್ನಿಸಿಕೊಳ್ಳುವುದು ಕಷ್ಟ. ಅದೇ ಎಲೆ ಅರಳಿಕಟ್ಟೆಗೆ, ಪಾರ್ಕಿಗೆ, ಖಾಲಿ ಸೈಟಿಗೆ ಬಂದರೆ ಕಲಂ 87 ಬರುತ್ತದೆ.

ಪೆಂಡಾಲಿನ ಹತ್ತಿರ ಕೂಪನ್ ಮಾರಿ ಬೈಕೋ ಫ್ರಿಜ್ಜೋ ಕೊಡುವ ಲಕ್ಕಿ ಡಿಪ್ ಅನ್ನು ಯಾರೂ ಜೂಜು ಅಂದುಕೊಳ್ಳುವುದಿಲ್ಲ. ಆದರೆ ದುಡ್ಡು ತೆಗೆದುಕೊಂಡು ಚೀಟಿ ಎತ್ತಿ ಬಹುಮಾನ ಕೊಟ್ಟರೆ ಅದು ಲಾಟರಿಯೇ ಅಲ್ವಾ? ಸರ್ಕಾರದ್ದಲ್ಲದ, ಸರ್ಕಾರ ಒಪ್ಪದ ಲಾಟರಿ ಎತ್ತಲು ಜಾಗ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 297ರಲ್ಲಿ ಆರು ತಿಂಗಳವರೆಗೆ ಶಿಕ್ಷೆ ಇದೆ. ಅಪಾರ್ಟ್‌ಮೆಂಟ್ ಸಂಘದವರು ಚಂದಾವನ್ನು ಚಂದಾ ಅಂತಲೇ ಎತ್ತಲಿ. ತಂಬೋಲಾ ಆಡಿಸುವುದಾದರೆ ಟಿಕೆಟ್ ಉಚಿತವಾಗಿರಲಿ, ಬಹುಮಾನ ಸಂಘದ್ದಿರಲಿ.

8. ಮೊಬೈಲಿನ ಆಟ

ಇಲ್ಲಿ ಸ್ಥಳೀಯ ಲೈಸೆನ್ಸಿನ ಪ್ರಶ್ನೆಯೇ ಇಲ್ಲ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದ ಆಟ ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಈಗಲೂ ಆ ತೀರ್ಪನ್ನು ತೋರಿಸುವವರಿದ್ದಾರೆ. ಆದರೆ ಆಮೇಲೆ ಕೇಂದ್ರವೇ ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿ, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಹಣ ಗೆಲ್ಲುವ ಆಟ ಆನ್‌ಲೈನ್‌ನಲ್ಲಿ ಬೇಡ ಅನ್ನುತ್ತದೆ ಅದು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೂ ಶಿಕ್ಷೆ ಇದೆ. ಆಡಿದವರಿಗೆ ಅದರಲ್ಲಿ ಶಿಕ್ಷೆ ಇಟ್ಟಿಲ್ಲ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ದೊಡ್ಡ ಕಂಪನಿಗಳು ಹಣದ ಆಟವನ್ನು ಆಗಲೇ ನಿಲ್ಲಿಸಿದವು.

ಹಾಗಾದರೆ ಐಪಿಎಲ್ ಸಮಯದಲ್ಲಿ ವಾಟ್ಸಾಪ್‌ಗೆ ಬರುವ ಲಿಂಕ್ ಯಾವುದು? ವಿದೇಶದಲ್ಲಿ ಕೂತು ನಡೆಸುವ ಬೆಟ್ಟಿಂಗ್ ಆ್ಯಪ್‌ಗಳವು. "ಕುರಾಸಾವ್ ಲೈಸೆನ್ಸ್ ಇದೆ" ಅಂತ ಬರೆದುಕೊಂಡಿರುತ್ತಾರೆ. ಕೆರಿಬಿಯನ್ ದ್ವೀಪವೊಂದರ ಲೈಸೆನ್ಸಿಗೆ ಬೆಂಗಳೂರಿನಲ್ಲಿ ಯಾವ ಬೆಲೆಯೂ ಇಲ್ಲ.

ಓದುತ್ತಿರುವ ಹುಡುಗರಿಗೆ, ಅವರ ಅಪ್ಪ ಅಮ್ಮನಿಗೆ ಒಂದು ಮಾತು. "ನಿನ್ನ ಬ್ಯಾಂಕ್ ಅಕೌಂಟ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ" ಅಂತ ಕೇಳುವ ಜಾಲವಿದೆ. ಬೆಟ್ಟಿಂಗ್ ದುಡ್ಡು ಸಾಗಿಸಲು ಇಂಥ ಅಕೌಂಟ್ ಬೇಕು, ಅದಕ್ಕೆ ಮ್ಯೂಲ್ ಅಕೌಂಟ್ ಅಂತಾರೆ. ಪೊಲೀಸರು ಮೊದಲು ಬಂದು ನಿಲ್ಲುವುದು ಅಕೌಂಟ್ ಯಾರ ಹೆಸರಲ್ಲಿದೆಯೋ ಅವರ ಮನೆ ಬಾಗಿಲಿಗೆ. ಗುಂಪಿನಲ್ಲಿದ್ದುಕೊಂಡು ಅಕ್ರಮ ಬೆಟ್ಟಿಂಗ್ ನಡೆಸಿದರೆ ನ್ಯಾಯ ಸಂಹಿತೆಯ ಕಲಂ 112ರಲ್ಲಿ ಕನಿಷ್ಠ ಒಂದು ವರ್ಷ, ಗರಿಷ್ಠ ಏಳು ವರ್ಷ ಶಿಕ್ಷೆ. ಡಿಗ್ರಿ ಮುಗಿಯುವ ಮುಂಚೆ ಮಗನ ಹೆಸರು ಚಾರ್ಜ್‌ಶೀಟಿಗೆ ಹೋಗುವುದು ಬೇಡ. ಆಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೇಳಿ ಅಕೌಂಟ್ ನಿಲ್ಲಿಸಿ, ವಕೀಲರನ್ನು ಕಾಣಿ. ಆ್ಯಪಿನಲ್ಲಿ ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

9. ಲೈಸೆನ್ಸ್ ಇದೆಯೋ ಇಲ್ಲವೋ ಅಂತ ಖಚಿತ ಮಾಡಿಕೊಳ್ಳುವುದು

ಕ್ಲಬ್ಬಿನವರನ್ನು ಕೇಳಿ ಪ್ರಯೋಜನ ಇಲ್ಲ. ಪೊಲೀಸ್ ಕಮಿಷನರ್ ಕಚೇರಿಯ ಮಾಹಿತಿ ಅಧಿಕಾರಿಗೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ಪುಟಗಟ್ಟಲೆ ದೂರು ಬರೆದು ಅರ್ಜಿ ವಾಪಸ್ ಬಂತು ಅನ್ನುವವರೇ ಜಾಸ್ತಿ. ಹೀಗೆ ಬರೆದರೆ ಸಾಕು: "ಇಂಥ ವಿಳಾಸದಲ್ಲಿರುವ ಇಂಥ ಹೆಸರಿನ ಸಂಸ್ಥೆಗೆ ತಮ್ಮ ಕಚೇರಿಯಿಂದ ಯಾವುದಾದರೂ ಲೈಸೆನ್ಸ್ ನೀಡಿದ್ದರೆ ಅದರ ಪ್ರತಿ, ಷರತ್ತುಗಳು ಮತ್ತು ಅವಧಿಯ ವಿವರ ಕೊಡಿ."

10. ದಾಳಿ ಆದಾಗ, ಸಾಲ ಬಿದ್ದಾಗ

"ನಾನು ಆಡ್ತಿರಲಿಲ್ಲ, ಸುಮ್ನೆ ನೋಡ್ತಿದ್ದೆ" ಅನ್ನುವ ಮಾತು ನಡೆಯುವುದು ಕಷ್ಟ. ಆಟ ನಡೆಯುವಾಗ ಜೂಜು ಅಡ್ಡೆಯಲ್ಲಿ ಸಿಕ್ಕವರು ಆಡಲೆಂದೇ ಬಂದವರು ಅಂತ ಕಲಂ 80 ಊಹಿಸಿಕೊಳ್ಳುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಓಡಬೇಡಿ. ಮಹಜರಿನಲ್ಲಿ, ಅಂದರೆ ಏನೇನು ಸಿಕ್ಕಿತು ಅಂತ ಬರೆಯುವ ಪಟ್ಟಿಯಲ್ಲಿ, ನಿಮ್ಮಿಂದ ತೆಗೆದುಕೊಂಡ ಹಣ ಮತ್ತು ಫೋನ್ ಸರಿಯಾಗಿ ಬರೆದಿದ್ದಾರಾ ಓದಿ ಸಹಿ ಮಾಡಿ. ಈಗಿನ ಕಾನೂನಿನಲ್ಲಿ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಸೋತ ದುಡ್ಡಿಗೆ ಖಾಲಿ ಚೆಕ್ಕು, ಬಾಂಡ್ ಪೇಪರ್ ಬರೆಸಿಕೊಂಡು ಹೆದರಿಸುವವರಿದ್ದಾರೆ. 1872ರ ಕರಾರು ಕಾಯ್ದೆಯ ಕಲಂ 30ರ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆ ಇಲ್ಲ, ಆ ಹಣವನ್ನು ದಾವೆ ಹಾಕಿ ವಸೂಲಿ ಮಾಡಲು ಬರುವುದಿಲ್ಲ. ಹಾಗಂತ ಚೆಕ್ ಬೌನ್ಸ್ ನೋಟಿಸ್ ಬಂದಾಗ ಮೂಲೆಗೆ ಎಸೆಯಬೇಡಿ. ಕೈಗೆ ಬಂದ 15 ದಿನದೊಳಗೆ ಇದು ಜೂಜಿನ ಬಾಕಿ ಅಂತ ವಕೀಲರ ಮೂಲಕ ಉತ್ತರ ಕೊಡಿ. ಮನೆಗೆ ಬಂದು ಗಲಾಟೆ ಮಾಡಿದರೆ 112ಕ್ಕೆ ಕರೆ ಮಾಡಿ.

ಆಟ ಬಿಡಲು ಆಗುತ್ತಿಲ್ಲ ಅನ್ನುವವರು ಮನೆಯಲ್ಲಿದ್ದರೆ ಬೈಯುತ್ತಾ ಕಾಯಬೇಡಿ, ಅದಕ್ಕೆ ಚಿಕಿತ್ಸೆ ಇದೆ. ಮೊಬೈಲ್ ಮತ್ತು ಆನ್‌ಲೈನ್ ಆಟದ ಗೀಳಿಗೆಂದೇ ನಿಮ್ಹಾನ್ಸ್‌ನಲ್ಲಿ ಶಟ್ ಕ್ಲಿನಿಕ್ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.